ಲಾಡಿಹುಳು ಯಾರ ಹೊಟ್ಟೆಯಲ್ಲಿ?

ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ಸಸ್ಯಾಹಾರಿಗಳ ಮನೆಗಳು ಬಹಳ. ಅಂಥದೊಂದು ಮನೆಯ ಹುಡುಗನಿಗೆ ಒಂದು ದಿನ ಇದ್ದಕ್ಕಿದ್ದಂತೆ ಮೂರ್ಛೆ ಬಂದಿತೆಂದೂ, ಮಿದುಳಿನ ಚಿತ್ರ ತೆಗೆಸಿದ ವೈದ್ಯರು ‘ಇದು ಲಾಡಿಹುಳುವಿನ ಮರಿ; ಹಂದಿಯ ಮಾಂಸದಲ್ಲಿ ಬೆಳೆಯುವ ಜಾತಿಯದು’ ಎಂದು ಹೇಳಿದರೆಂದೂ ಭಾವಿಸೋಣ. ಮನೆಯ ಹಿರಿಯರು ಏನು ಹೇಳುವರೆಂಬುದನ್ನು ವಾಚಕರು ಊಹಿಸಬಲ್ಲರು. ‘ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಸಹ ತರುವವರಿಲ್ಲ, ಹಂದಿಯ ಹುಳು ನಮ್ಮ ಮಗುವಿನ ತಲೆಗೆ ಎಲ್ಲಿಂದ ಬಂದೀತು?’ ಎಂದು ಅವರು ಕೇಳುತ್ತಾರೆ. ಕೆಲವರು ಅಲ್ಲಿಗೇ ಆ ವೈದ್ಯರನ್ನು ಬಿಟ್ಟು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವುದೂ ಉಂಟು.

ಆ ಪ್ರಶ್ನೆಯೇನೋ ಸಹಜವಾದುದೇ. ಆದರೆ ಅದರ ಬೆನ್ನಿಗೆ ಬರಬೇಕಾದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ. ಮರಿ ಹುಡುಗನ ಮಿದುಳಿನಲ್ಲಿದೆ, ಸರಿ. ಆ ಮರಿಯನ್ನು ಹೆತ್ತ ತಾಯಿಹುಳು ಯಾರ ಹೊಟ್ಟೆಯಲ್ಲಿದೆ? ಲಾಡಿಹುಳುವಿನ ರೋಗನಿದಾನವೆಂಬುದು ಈ ಎರಡು ಪ್ರಶ್ನೆಗಳನ್ನೂ ಒಳಗೊಂಡ ಕೆಲಸ. ಮೊದಲನೆಯದಕ್ಕೆ ಉತ್ತರ ಹೇಳಲು ಲಕ್ಷಗಟ್ಟಲೆ, ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಬಂದಿವೆ. ಎರಡನೆಯದಕ್ಕೆ ಬಡದೇಶಗಳ ಪ್ರಯೋಗಶಾಲೆಗಳಲ್ಲಿ ಇಂದಿಗೂ ಇರುವುದು ಹೆಚ್ಚಾಗಿ ಒಂದು ಸೂಕ್ಷ್ಮದರ್ಶಕ, ಒಂದು ಗಾಜಿನ ಬಿಲ್ಲೆ, ಒಂದು ಚಿಟಿಕೆ ಮಲ.

ಮೊದಲು ಹುಳುವಿನ ಪರಿಚಯ ಮಾಡಿಕೊಳ್ಳೋಣ. ಚಡ್ಡಿಗೋ ಲಂಗಕ್ಕೋ ಪೋಣಿಸುವ ಲಾಡಿಯಂತೆ ಚಪ್ಪಟೆಯಾಗಿ, ಬಿಳುಪಾಗಿ, ಉದ್ದವಾಗಿರುವುದರಿಂದ ಕನ್ನಡದಲ್ಲಿ ಇದಕ್ಕೆ ಲಾಡಿಹುಳುವೆಂದು ಹೆಸರು. ಮನುಷ್ಯನ ಕರುಳಿನಲ್ಲಿ ನೆಲಸುವ ದೊಡ್ಡ ಲಾಡಿಹುಳುಗಳಲ್ಲಿ ಎರಡು ಮುಖ್ಯ. ದನದ ಮಾಂಸದಿಂದ ಬರುವುದು ಟೀನಿಯ ಸ್ಯಾಜಿನೇಟ. ಹಂದಿಯ ಮಾಂಸದಿಂದ ಬರುವುದು ಟೀನಿಯ ಸೋಲಿಯಮ್. ಹಂದಿಯದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಮೀಟರು ಉದ್ದ. ದನದ್ದು ಅದಕ್ಕಿಂತಲೂ ಉದ್ದವಾಗಿ ಬೆಳೆಯುತ್ತದೆ. ಹಂದಿಯ ಹುಳುವಿನ ತಲೆ ಗುಂಡುಸೂಜಿಯ ತಲೆಯಷ್ಟಿದ್ದು, ಅದರಲ್ಲಿ ನಾಲ್ಕು ಹೀರುಬಟ್ಟಲುಗಳೂ ಎರಡು ಸಾಲು ಕೊಕ್ಕೆಗಳೂ ಇರುತ್ತವೆ. ಇವುಗಳ ಬಲದಿಂದ ಅದು ಸಣ್ಣ ಕರುಳಿನ ಗೋಡೆಯನ್ನು ಹಿಡಿದು ನಿಂತು, ಬಾಯಿಯಾಗಲಿ ಜಠರವಾಗಲಿ ಇಲ್ಲದೆಯೇ, ನಾವು ಜೀರ್ಣಿಸಿಕೊಂಡ ಅನ್ನವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಬಾಲದ ಕಡೆಯ ತುಂಡುಗಳು ಮೊಟ್ಟೆಗಳಿಂದ ತುಂಬಿ, ಬಲಿತು, ದಿನಕ್ಕೆ ಕೆಲವಾಗಿ ಕಳಚಿ ಮಲದೊಡನೆ ಹೊರಬೀಳುತ್ತವೆ. ಹಂದಿಹುಳುವಿನ ಒಂದೊಂದು ತುಂಡಿನಲ್ಲಿ ೫೦,೦೦೦ ದವರೆಗೂ ಮೊಟ್ಟೆಗಳಿರಬಹುದು.

ಆ ಮೊಟ್ಟೆಗಳನ್ನು ಹಂದಿ ತಿಂದರೆ ಅವುಗಳಿಂದ ಹೊರಬಂದ ಮರಿಗಳು ಕರುಳನ್ನು ತೂರಿ, ರಕ್ತದ ಮೂಲಕ ಮಾಂಸಖಂಡಗಳನ್ನು ಸೇರಿ, ಸಬ್ಬಕ್ಕಿಯ ಕಾಳಿನಂಥ ನೀರುಗುಳ್ಳೆಗಳಾಗಿ ಕುಳಿತುಬಿಡುತ್ತವೆ. ಗುಳ್ಳೆಯಿರುವ ಹಂದಿಯ ಮಾಂಸವನ್ನು ಮನುಷ್ಯ ಸರಿಯಾಗಿ ಬೇಯಿಸದೆ ತಿಂದಾಗ ಅವನ ಕರುಳಿನಲ್ಲಿ ಹೊಸ ಲಾಡಿಹುಳು ಬೆಳೆಯುತ್ತದೆ. ಗುಳ್ಳೆಗೂ ಹುಳುವಿಗೂ ಇರುವ ಈ ಸಂಬಂಧವನ್ನು ಜರ್ಮನಿಯ ಕೂಕನ್‌ಮೈಸ್ಟರನು ೧೮೫೫ ರಲ್ಲಿ ತೋರಿಸಿದ ಬಗೆ ಇಂದಿನವರಿಗೆ ಅಸಹ್ಯವಾಗಿ ಕಾಣಬಹುದು. ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನಿಗೆ, ಅವನಿಗೆ ತಿಳಿಯದಂತೆ, ಆಹಾರದಲ್ಲಿ ಗುಳ್ಳೆಗಳನ್ನು ಬೆರಸಿ ತಿನ್ನಿಸಿ, ಶಿಕ್ಷೆ ನೆರವೇರಿದ ಮೇಲೆ ಶವದ ಕರುಳನ್ನು ತೆರೆದು ಎಳೆಯ ಹುಳುಗಳನ್ನು ಅವನು ಹೊರತೆಗೆದನು.

ಈ ಚಕ್ರ ಇಷ್ಟಕ್ಕೇ ಮುಗಿದಿದ್ದರೆ ಸಸ್ಯಾಹಾರಿಗೆ ಭಯವಿರುತ್ತಿರಲಿಲ್ಲ. ಆದರೆ ಹಂದಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ಸೋಲಿಯಮ್‌ನ ಮೊಟ್ಟೆ ಅರಿಯದು. ಅದು ಮನುಷ್ಯನ ಬಾಯಿಗೆ ಬಿದ್ದರೂ ಮರಿ ಹೊರಬರುತ್ತದೆ. ಕರುಳನ್ನು ತೂರಿ ಹೊರಡುತ್ತದೆ. ಮಾಂಸಖಂಡವನ್ನೋ ಕಣ್ಣನ್ನೋ ಮಿದುಳನ್ನೋ ಸೇರಿ ಗುಳ್ಳೆಯಾಗುತ್ತದೆ. ಹೀಗೆ ಒಂದೇ ಹುಳುವಿನಿಂದ ಎರಡು ರೋಗಗಳು. ಮಾಂಸದಲ್ಲಿರುವ ಗುಳ್ಳೆಯನ್ನು ತಿಂದವನ ಹೊಟ್ಟೆಯಲ್ಲಿ ಹುಳು. ಮಲದಲ್ಲಿರುವ ಮೊಟ್ಟೆಯನ್ನು ನುಂಗಿದವನ ಮಿದುಳಿನಲ್ಲಿ ಗುಳ್ಳೆ. ಮೊದಲನೆಯದು ಹಂದಿಮಾಂಸದಿಂದ ಬರುತ್ತದೆ. ಎರಡನೆಯದು ಬರುವುದು ಇನ್ನೊಬ್ಬ ಮನುಷ್ಯನಿಂದ, ಕೆಲವು ವೇಳೆ ತನ್ನ ಕೈಯಿಂದಲೇ. ದನದ ಹುಳುವಿನ ಮೊಟ್ಟೆಗೆ ಈ ದುರ್ಗುಣವಿಲ್ಲವೆಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಬೇಕಾಗುತ್ತದೆ. ನಮ್ಮ ನೆರೆಯ ಕೊಡಗಿನ ಪಂದಿಕರಿಯನ್ನು ಇದರಲ್ಲಿ ಎಳೆದು ತರುವವರಿಗೂ ಒಂದು ಮಾತು: ಮಾಂಸ ಒಳಗಿನವರೆಗೂ ಚೆನ್ನಾಗಿ ಬೆಂದರೆ ಗುಳ್ಳೆ ಸಾಯುತ್ತದೆ. ಹೊತ್ತು ಹಿಡಿದು ಬೇಯಿಸಿದ ಪಂದಿಕರಿಯನ್ನು ಉಂಡವನಿಗಿಂತ, ತೊಳೆಯದ ಕೊತ್ತಂಬರಿಯನ್ನು ಕೋಸಂಬರಿಗೆ ಉದುರಿಸಿಕೊಂಡು ಉಂಡವನಿಗೇ ಮಿದುಳುಗುಳ್ಳೆಯ ಅಪಾಯ ಹೆಚ್ಚು.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ದೊರೆಯಿತು. ೧೯೯೦–೯೧ ರಲ್ಲಿ ಅಲ್ಲಿಯ ಸಂಪ್ರದಾಯಸ್ಥ ಯೆಹೂದಿಗಳ ಸಮುದಾಯದಲ್ಲಿ ನಾಲ್ವರಿಗೆ ಮೂರ್ಛೆ ಬಂದು, ಮಿದುಳಿನಲ್ಲಿ ಹಂದಿಯ ಲಾಡಿಹುಳುವಿನ ಗುಳ್ಳೆಗಳು ಕಂಡುಬಂದುವು. ಹಂದಿಮಾಂಸ ಅವರ ಧರ್ಮದಲ್ಲಿ ಸಂಪೂರ್ಣ ನಿಷಿದ್ಧ. ಸಂಶೋಧಕರು ರೋಗಿಗಳನ್ನಷ್ಟೇ ನೋಡಿ ಸುಮ್ಮನಾಗದೆ ಮನೆಯವರೆಲ್ಲರ ರಕ್ತವನ್ನು ಪರೀಕ್ಷಿಸಿದರು. ಹದಿನೇಳು ಮಂದಿಯಲ್ಲಿ ಏಳು ಮಂದಿಯ ರಕ್ತದಲ್ಲಿ ಸೋಂಕಿನ ಗುರುತಿತ್ತು. ಆಮೇಲೆ ಮನೆಗೆಲಸಕ್ಕೆ ಬರುತ್ತಿದ್ದವರನ್ನು ಪರೀಕ್ಷಿಸಿದಾಗ ಒಂದು ಮನೆಯ ಕೆಲಸದಾಕೆಯ ಕರುಳಿನಲ್ಲಿ ಲಾಡಿಹುಳುವೇ ಸಿಕ್ಕಿತು. ಈ ಕೆಲಸದವರು ಹಂದಿಹುಳು ವ್ಯಾಪಕವಾಗಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದವರು. ನ್ಯೂಯಾರ್ಕಿನ ಯೆಹೂದಿ ಮನೆಯ ಅಡಿಗೆಮನೆಗೂ ಗೋಕುಲಂನ ಅಡಿಗೆಮನೆಗೂ ಈ ವಿಷಯದಲ್ಲಿ ಭೇದವೇನೂ ಇಲ್ಲ. ಮಡಿಯ ನಿಯಮ ಪದಾರ್ಥವನ್ನು ಕಾಯುತ್ತದೆ. ಬಡಿಸುವ ಕೈಯ ಉಗುರಿನ ಸಂದಿಯನ್ನು ಸೋಪು ಮಾತ್ರ ಕಾಯಬಲ್ಲದು.

ಗೋಕುಲಂಗೆ ಮೊಟ್ಟೆ ಬರಲು ಕೈಯೊಂದೇ ದಾರಿಯಲ್ಲ. ಬೆಳಗಾಗುತ್ತಲೇ ಬೀದಿಗೆ ಬರುವ ಸೊಪ್ಪು ನಗರದ ಸುತ್ತಣ ಹೊಲಗಳದು. ಬಯಲಿನಲ್ಲಿ ಮಲವಿಸರ್ಜನೆಯಾಗುವ ಕಡೆ, ಕೊಳಚೆನೀರು ಹೊಲಕ್ಕೆ ಹರಿಯುವ ಕಡೆ, ಬೆಳೆದ ಸೊಪ್ಪಿನಲ್ಲಿ ಮೊಟ್ಟೆಗಳು ಅಂಟಿಕೊಂಡಿರಬಹುದು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂವತ್ತೈದು ಭಾಗದಷ್ಟು ಗಾತ್ರದ ಮೊಟ್ಟೆ ಅದು; ಕಣ್ಣಿಗೆ ಕಾಣದು. ಅದರ ದಪ್ಪ ಚಿಪ್ಪು ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ. ನೀರಿಗೆ ಬೆರಸುವ ಕ್ಲೋರೀನಿಗೂ ಸುಲಭವಾಗಿ ಬಗ್ಗುವುದಿಲ್ಲ. ಹುಳಿಗೆ ಬಿದ್ದ ಸೊಪ್ಪಿನ ಮೇಲಿನ ಮೊಟ್ಟೆ ಕುದಿದು ಸಾಯುತ್ತದೆ. ಹಸಿಯಾಗಿ ತಿನ್ನುವುದರ ಮೇಲಿನದು ಬದುಕಿಯೇ ಒಳಗೆ ಹೋಗುತ್ತದೆ. ೨೦೦೨ ರಲ್ಲಿ ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ಇಲ್ಲಿ ತಿಂಗಳುಗಟ್ಟಲೆ ತಂಗುವ ವಿದೇಶೀಯರು ಹೆಚ್ಚಿದರು. ಹಸಿ ತರಕಾರಿಯನ್ನು ಮೆಚ್ಚಿ ತಿನ್ನುವವರು ಅವರಲ್ಲಿ ಹಲವರು. ಈ ರೋಗದ ಮಟ್ಟಿಗೆ ಊರವರೂ ಪರದೇಶದವರೂ ಸಮಾನರೇ.

ಇನ್ನು ಹೊಟ್ಟೆಯಲ್ಲಿರುವ ಹುಳುವನ್ನು ಕಂಡುಹಿಡಿಯುವ ಬಗೆ. ಅದು ಸುಲಭವಾಗಿರಬೇಕೆಂದು ತೋರುತ್ತದೆ. ಮಾರುಗಟ್ಟಲೆ ಉದ್ದದ ಪ್ರಾಣಿಯೊಂದು ಒಳಗಿರುವಾಗ ಗೊತ್ತಾಗದಿರುವುದುಂಟೆ? ಉಂಟು. ಹಂದಿಹುಳುವನ್ನು ಹೊತ್ತವನಿಗೆ ಹೆಚ್ಚಾಗಿ ಯಾವ ತೊಂದರೆಯೂ ಕಾಣಿಸದು. ಒಮ್ಮೊಮ್ಮೆ ಹೊಟ್ಟೆನೋವು, ಸ್ವಲ್ಪ ಓಕರಿಕೆ. ಅಷ್ಟಕ್ಕೆ ಯಾರು ವೈದ್ಯರ ಬಳಿಗೆ ಹೋಗುತ್ತಾರೆ? ದನದ ಹುಳುವಿನ ತುಂಡುಗಳು ಚುರುಕಾಗಿದ್ದು ಬಟ್ಟೆಯ ಮೇಲೂ ತೊಡೆಯ ಮೇಲೂ ತಾವಾಗಿಯೇ ಹರಿದಾಡುವುದರಿಂದ ಮನುಷ್ಯ ಗಾಬರಿಯಾಗಿ ಓಡಿಬರುತ್ತಾನೆ. ಹಂದಿಹುಳುವಿನ ತುಂಡುಗಳು ಮಲದೊಡನೆ ಸದ್ದಿಲ್ಲದೆ ಹೋಗಿಬಿಡುತ್ತವೆ. ಹೀಗೆ ನಿರಪಾಯಿ ಗದ್ದಲ ಮಾಡುತ್ತದೆ, ಅಪಾಯಕಾರಿ ಮೌನವಾಗಿರುತ್ತದೆ.

ಮಲಪರೀಕ್ಷೆಯ ಕಷ್ಟವೂ ಇಲ್ಲಿಯೇ. ತುಂಡು ಹೊರಬರುವಾಗ ಒಡೆದರೆ ಮಾತ್ರ ಮೊಟ್ಟೆಗಳು ಮಲದಲ್ಲಿ ಬೆರೆಯುತ್ತವೆ. ಇಂದು ಸಾವಿರಾರು ಇದ್ದು ನಾಳೆ ಒಂದೂ ಇಲ್ಲದಿರಬಹುದು. ಪ್ರಯೋಗಶಾಲೆಯವನು ಬಿಲ್ಲೆಯ ಮೇಲೆ ಸವರಿ ನೋಡುವುದು ಕಡಲೆಕಾಳಿಗಿಂತ ಕಡಮೆ ಮಲವನ್ನು. ಅದರಲ್ಲಿ ಕಾಣಲಿಲ್ಲವೆಂದು ‘ಹುಳುವಿಲ್ಲ’ ಎಂಬ ಚೀಟಿ ಬರೆದುಕೊಟ್ಟರೆ, ನಿಜವಾಗಿ ಹುಳುವಿರುವವರಲ್ಲಿ ಬಹುಮಂದಿ ಕೈತಪ್ಪಿ ಹೋಗುತ್ತಾರೆ. ಆದುದರಿಂದಲೇ ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ನೋಡಬೇಕು, ಮಲವನ್ನು ನೀರಿನಲ್ಲಿ ಕದಡಿ ಗಸಿಯಿಳಿಸಿ ಆ ಗಸಿಯನ್ನು ನೋಡಬೇಕು ಎಂಬ ನಿಯಮ. ದಿನಕ್ಕೆ ನೂರು ಮಾದರಿ ಬರುವ ಸರ್ಕಾರಿ ಪ್ರಯೋಗಶಾಲೆಯಲ್ಲಿ ಈ ನಿಯಮ ಎಷ್ಟರ ಮಟ್ಟಿಗೆ ನಡೆದೀತೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಮೊಟ್ಟೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದು ಯಾವ ಹುಳುವಿನದು? ಸೂಕ್ಷ್ಮದರ್ಶಕದಲ್ಲಿ ಹಂದಿಹುಳುವಿನ ಮೊಟ್ಟೆಗೂ ದನದಹುಳುವಿನ ಮೊಟ್ಟೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಎರಡೂ ಗುಂಡಗೆ, ಕಂದು ಬಣ್ಣದವು, ಅಂಚಿನಲ್ಲಿ ಗೀಟುಗೀಟಾದವು, ಒಳಗೆ ಆರು ಕೊಕ್ಕೆಯ ಮರಿಯುಳ್ಳವು. ಒಂದು ಮನೆಮಂದಿಯನ್ನೇ ಅಪಾಯಕ್ಕೆ ಗುರಿಮಾಡಬಲ್ಲುದು, ಇನ್ನೊಂದು ಯಾರಿಗೂ ಏನೂ ಮಾಡದು. ನೋಡುವವನಿಗೆ ಎರಡೂ ಒಂದೇ. ಭೇದ ತಿಳಿಯಬೇಕಾದರೆ ಬಲಿತ ತುಂಡೊಂದು ಸಿಕ್ಕಬೇಕು. ಅದನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ಮೆಲ್ಲನೆ ಒತ್ತಿ ಬೆಳಕಿಗೆ ಹಿಡಿದರೆ, ನಡುವೆ ಗರ್ಭಕೋಶದ ಕಾಂಡವೂ ಇಕ್ಕೆಲದಲ್ಲಿ ಅದರ ಕವಲುಗಳೂ ಮರದ ಚಿತ್ರದಂತೆ ಕಾಣುತ್ತವೆ. ಒಂದು ಪಕ್ಕದ ಕವಲುಗಳನ್ನು ಎಣಿಸಬೇಕು. ಏಳರಿಂದ ಹದಿಮೂರರೊಳಗಿದ್ದರೆ ಹಂದಿಯದು. ಹದಿನೈದನ್ನು ಮೀರಿದರೆ ದನದ್ದು. ನಡುವಣ ಸಂಖ್ಯೆಗಳಲ್ಲಿ ಮಾತ್ರ ಸಂಶಯ ಉಳಿಯುತ್ತದೆ. ಕಾಸು ಖರ್ಚಿಲ್ಲದ ಈ ಎಣಿಕೆ ನಮಗೆ ಬಹಳ ಮೆಚ್ಚಿಗೆಯಾದ ಪರೀಕ್ಷೆ. ತುಂಡನ್ನು ಮುಟ್ಟುವವನು ಕೈಗೆ ರಬ್ಬರಿನ ಚೀಲ ತೊಟ್ಟಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಅವನು ಹಿಡಿದಿರುವುದು ಅರ್ಧ ಲಕ್ಷ ಮೊಟ್ಟೆಗಳ ಚೀಲವನ್ನು.

ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವವರು ಸೀಸೆಯಲ್ಲಿ ಕಾಪಿಟ್ಟ ತುಂಡನ್ನು ಜನರಿಗೆ ತೋರಿಸಿ, ‘ಇಂಥದು ಎಂದಾದರೂ ಕಂಡಿತ್ತೆ?’ ಎಂದು ಕೇಳುವುದುಂಟು. ‘ಹೌದು’ ಎಂದವನನ್ನು ನಂಬಬಹುದು. ‘ಇಲ್ಲ’ ಎಂದವನನ್ನು ನಂಬುವಂತಿಲ್ಲ. ಬಯಲಿಗೆ ಹೋಗುವವನು ತಿರುಗಿ ನೋಡುವುದಿಲ್ಲ. ನೋಡಿದವನೂ ನಾಲ್ವರ ಎದುರಿಗೆ ಹೇಳಲು ನಾಚುತ್ತಾನೆ. ಇದಕ್ಕಿಂತ ಉತ್ತಮವಾದದ್ದು ೧೯೯೦ ರ ಸುಮಾರಿಗೆ ಬಂದ ಒಂದು ವಿಧಾನ. ಹುಳು ಸದಾ ತನ್ನ ಮೈಯಿಂದ ಸ್ರವಿಸುವ ಪದಾರ್ಥಗಳನ್ನು ಮಲದಲ್ಲಿ ಹುಡುಕುವುದು ಅದರ ಕ್ರಮ. ಮೊಟ್ಟೆ ಬೀಳದ ದಿನವೂ ಹುಳುವಿನ ಇರವು ಇದರಿಂದ ಗೊತ್ತಾಗುವುದರಿಂದ ಸೂಕ್ಷ್ಮದರ್ಶಕಕ್ಕೆ ತಪ್ಪಿಸಿಕೊಂಡ ಹಲವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಆದರೆ ಇದಕ್ಕೆ ಬೇಕಾದ ದ್ರವ್ಯಗಳು ಪ್ರತಿಯೊಂದು ಪೇಟೆಯ ಪ್ರಯೋಗಶಾಲೆಯಲ್ಲಿಯೂ ದೊರೆಯುವಂಥವಲ್ಲ. ಸಂಶೋಧನಾಲಯಗಳ ಹೊರಗೆ ಇದು ಬಳಕೆಗೆ ಬಂದದ್ದು ಕಡಮೆ.

ನಮ್ಮ ಮಕ್ಕಳ ಮಲದಲ್ಲಿ ಕಾಣುವ ಇನ್ನೊಂದು ಲಾಡಿಹುಳುವನ್ನು ಹೆಸರಿಸಿ ಮುಂದೆ ಹೋಗೋಣ. ಕುಳ್ಳ ಲಾಡಿಹುಳುವಾದ ಹೈಮನೊಲೆಪಿಸ್ ನಾನ ಕೆಲವೇ ಸೆಂಟಿಮೀಟರು ಉದ್ದದ್ದು. ಮಾಂಸದ ಸಂಬಂಧವಿಲ್ಲದೆ ನೇರವಾಗಿ ಮಗುವಿನಿಂದ ಮಗುವಿಗೆ ಹರಡುತ್ತದೆ. ಇದರ ಮೊಟ್ಟೆಯ ಆಕಾರವೇ ಬೇರೆಯಾದುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ. ಇದು ಮಿದುಳಿಗೆ ಹೋಗುವುದೂ ಇಲ್ಲ.

ಮಿದುಳಿಗೆ ಹೋದ ಮರಿ ವರ್ಷಗಟ್ಟಲೆ ಸುಮ್ಮನಿರುತ್ತದೆ. ಬದುಕಿರುವ ಗುಳ್ಳೆ ದೇಹದ ಕಾವಲುಗಾರರ ಕಣ್ಣಿಗೆ ಮಣ್ಣೆರಚಿ ಕುಳಿತಿರುತ್ತದೆ. ಅದು ಸಾಯತೊಡಗಿದಾಗ ಗುಟ್ಟು ಬಯಲಾಗಿ, ಸುತ್ತಲೂ ಬಾವು ಎದ್ದು, ರೋಗಿಗೆ ಮೂರ್ಛೆ ಬರುತ್ತದೆ. ಸಾಮಾನ್ಯವಾಗಿ ತೊಂದರೆಯನ್ನು ಹೊರಗೆಡಹುವುದು ಹುಳುವಿನ ಬದುಕಿಗಿಂತ ಅದರ ಸಾವೇ.

ಈ ದೀರ್ಘ ಮೌನವನ್ನು ಮೊದಲು ಚೆನ್ನಾಗಿ ಅಳೆದದ್ದು ಭಾರತದಲ್ಲಿ ಸೇವೆ ಮಾಡಿ ಊರಿಗೆ ಮರಳಿದ ಬ್ರಿಟಿಷ್ ಸಿಪಾಯಿಗಳಲ್ಲಿ. ಆರೋಗ್ಯವಂತರಾಗಿ ಸೇನೆ ಸೇರಿದ ಯುವಕರಿಗೆ ಮೂರ್ಛೆ ಬರತೊಡಗಿದಾಗ ಅದನ್ನು ಕಾರಣ ತಿಳಿಯದ ಅಪಸ್ಮಾರವೆಂದು ಬರೆದು ಸೇನೆಯಿಂದ ಕಳಿಸಿಬಿಡುತ್ತಿದ್ದರು. ೧೯೩೦ ರ ದಶಕದಲ್ಲಿ ಸೇನಾವೈದ್ಯ ಮ್ಯಾಕಾರ್ಥರ್ ಇವರಲ್ಲಿ ಅನೇಕರಿಗಿರುವುದು ಲಾಡಿಹುಳುವಿನ ಗುಳ್ಳೆಗಳೆಂದು ತೋರಿಸಿದನು. ೧೯೬೧ ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಇಂಥ ೪೫೦ ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಸೋಂಕಿಗೂ ಮೊದಲ ಮೂರ್ಛೆಗೂ ನಡುವೆ ಹೆಚ್ಚಿನವರಲ್ಲಿ ಹಲವಾರು ವರ್ಷಗಳೇ ಕಳೆದಿದ್ದುವು. ಮಿದುಳಿನ ಒಳಗನ್ನು ನೋಡುವ ಯಂತ್ರ ಆಗ ಇರಲಿಲ್ಲ. ಅವರು ನೋಡಿದ್ದು ತೊಡೆಯನ್ನು. ಸತ್ತು ಸುಣ್ಣಗಟ್ಟಿದ ಗುಳ್ಳೆಗಳು ಕ್ಷ-ಕಿರಣದ ಚಿತ್ರದಲ್ಲಿ ಮಾಂಸಖಂಡದ ಎಳೆಗಳ ನೇರಕ್ಕೆ ಚೆಲ್ಲಿದ ಅಕ್ಕಿಕಾಳುಗಳಂತೆ ಕಾಣುತ್ತಿದ್ದುವು. ಚರ್ಮದ ಕೆಳಗೆ ಬೆರಳಿಗೆ ಸಿಕ್ಕುವ ಗಂಟುಗಳನ್ನು ತೆಗೆದು ನೋಡುವುದು ಇನ್ನೊಂದು ಉಪಾಯ. ಬೇರೇನೂ ಇಲ್ಲದ ಕಡೆ ಇವೆರಡೂ ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಆದರೆ ನಮ್ಮ ದೇಶದ ರೋಗಿ ಆ ಸಿಪಾಯಿಯಂತಲ್ಲ. ಮೈತುಂಬ ಗುಳ್ಳೆಗಳಿರುವವರು ಇಲ್ಲಿ ಕಡಮೆ. ಬಹುಮಂದಿಯ ಮಿದುಳಿನಲ್ಲಿರುವುದು ಒಂದೇ ಒಂದು, ಅದೂ ಸಾಯುತ್ತಿರುವ ಗುಳ್ಳೆ. ೧೯೭೧ ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಬಳಕೆಗೆ ಬಂದ ಸಿ.ಟಿ. ಯಂತ್ರ ಭಾರತಕ್ಕೂ ಬಂದ ಮೇಲೆ, ಮೂರ್ಛೆ ಬಂದವರ ಮಿದುಳಿನಲ್ಲಿ ಉಂಗುರದಂತೆ ಹೊಳೆಯುವ ಸಣ್ಣ ಗುರುತೊಂದು ಮೇಲಿಂದ ಮೇಲೆ ಕಾಣತೊಡಗಿತು. ಕ್ಷಯ ಹೆಚ್ಚಾಗಿರುವ ದೇಶದಲ್ಲಿ ಅದು ಕ್ಷಯದ ಗಂಟೇ ಇರಬೇಕೆಂದು ವೈದ್ಯರು ಬಗೆದುದು ಆಶ್ಚರ್ಯವಲ್ಲ. ಗೋಕುಲಂನ ಮಗ್ಗುಲಲ್ಲೇ, ಕೃಷ್ಣರಾಜಸಾಗರದ ರಸ್ತೆಯಲ್ಲಿ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗಾಸ್ಪತ್ರೆಯನ್ನು ಕಂಡವರಿಗೆ ಆ ರೋಗದ ಭಯ ಈ ನಾಡಿನಲ್ಲಿ ಎಷ್ಟು ಆಳವಾಗಿತ್ತೆಂಬುದು ತಿಳಿದಿದೆ. ಹೀಗಾಗಿ ಅನೇಕರು ತಮಗಿಲ್ಲದ ಕ್ಷಯಕ್ಕೆ ತಿಂಗಳುಗಟ್ಟಲೆ ಔಷಧ ನುಂಗಿದರು. ಗುರುತು ಮಾಯವಾಯಿತು, ಔಷಧದ ಗುಣವೆಂದೇ ಎಲ್ಲರೂ ನಂಬಿದರು.

ಈ ನಂಬಿಕೆಯನ್ನು ಕದಲಿಸಿದವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ನರಶಸ್ತ್ರವೈದ್ಯರು. ಚಾಂಡಿ, ರಾಜಶೇಖರ್ ಮೊದಲಾದವರು ೧೯೮೦ ರ ದಶಕದ ಕೊನೆಯಿಂದ ಇಂಥ ಗುರುತುಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಸಾಯುತ್ತಿರುವ ಲಾಡಿಹುಳುವಿನ ಗುಳ್ಳೆಗಳೆಂದು ತೋರಿಸಿದರು. ತಾವಾಗಿಯೇ ಕರಗಿಹೋಗುವುದು ಅವುಗಳ ಸ್ವಭಾವ. ಆಮೇಲೆ ಅವರು ತಲೆಬುರುಡೆಯನ್ನು ತೆರೆಯದೆಯೇ ನಿರ್ಣಯಿಸಬಲ್ಲ ಲಕ್ಷಣಗಳನ್ನು ಗೊತ್ತುಮಾಡಿದರು. ಗುರುತು ಒಂದೇ ಇರಬೇಕು. ಇಪ್ಪತ್ತು ಮಿಲಿಮೀಟರನ್ನು ಮೀರಿರಬಾರದು. ಸುತ್ತಣ ಬಾವು ಮಿದುಳಿನ ನಡುಗೆರೆಯನ್ನು ಪಕ್ಕಕ್ಕೆ ತಳ್ಳಿರಬಾರದು. ರೋಗಿಗೆ ಮೂರ್ಛೆಯ ಹೊರತು ದಿನದಿನಕ್ಕೆ ಹೆಚ್ಚುವ ಅಂಗದೌರ್ಬಲ್ಯವಾಗಲಿ ಮೈಯಲ್ಲಿ ಬೇರೆ ರೋಗವಾಗಲಿ ಇರಬಾರದು. ನಮ್ಮ ದಕ್ಷಿಣದ ಆಸ್ಪತ್ರೆಯೊಂದರಲ್ಲಿ ರೂಪುಗೊಂಡ ಈ ನಿಯಮಗಳು ಸಾವಿರಾರು ರೋಗಿಗಳಿಗೆ ಬೇಡದ ಔಷಧವನ್ನೂ ಬೇಡದ ಶಸ್ತ್ರಕ್ರಿಯೆಯನ್ನೂ ತಪ್ಪಿಸಿವೆ. ಯಂತ್ರವೆಷ್ಟೇ ದೊಡ್ಡದಾದರೂ ಅದು ಕೊಡುವುದು ಚಿತ್ರವನ್ನು ಮಾತ್ರ. ಅದನ್ನು ಓದುವ ವಿದ್ಯೆಯನ್ನು ಪ್ರತಿಯೊಂದು ನಾಡೂ ತನ್ನ ರೋಗಿಗಳಿಂದಲೇ ಕಲಿಯಬೇಕಾಗುತ್ತದೆ.

ರಕ್ತಪರೀಕ್ಷೆಯ ವಿಷಯದಲ್ಲಿಯೂ ಇದೇ ಪಾಠ. ೧೯೮೯ ರಲ್ಲಿ ಅಮೆರಿಕದಲ್ಲಿ ಟ್ಸಾಂಗ್ ಮತ್ತು ಸಂಗಡಿಗರು ರಚಿಸಿದ ಪರೀಕ್ಷೆ ಹುಳುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಪಟ್ಟೆಪಟ್ಟೆಯಾಗಿ ತೋರಿಸುತ್ತದೆ. ಎರಡಕ್ಕಿಂತ ಹೆಚ್ಚು ಗುಳ್ಳೆಗಳಿದ್ದವರಲ್ಲಿ ಅದು ತಪ್ಪುವುದು ತೀರ ಅಪರೂಪ. ಒಂಟಿ ಗುಳ್ಳೆಯವರಲ್ಲಿ ಮಾತ್ರ ಬಹು ಸಾರಿ ತಪ್ಪುತ್ತದೆ. ಪೆರು ದೇಶದಲ್ಲಿ ಭೇಷ್ ಎನಿಸಿಕೊಂಡ ಪರೀಕ್ಷೆ ಭಾರತದಲ್ಲಿ ಸೋಲುವುದಕ್ಕೆ ನಮ್ಮ ರೋಗಿಗಳ ಈ ಒಂಟಿ ಗುಳ್ಳೆಯೇ ಕಾರಣ.

ರೋಗಿಗಳ ಸಂಖ್ಯೆಯೇನೂ ಅಲ್ಪವಲ್ಲ. ಮೈಸೂರಿನಿಂದ ಎರಡು ಗಂಟೆಯ ದಾರಿಯ ಯಳಂದೂರು ತಾಲ್ಲೂಕಿನಲ್ಲಿ — ೧೯೯೭ ರವರೆಗೆ ಇದು ಮೈಸೂರು ಜಿಲ್ಲೆಯದೇ — ನರರೋಗತಜ್ಞ ಕೆ. ಎಸ್. ಮಣಿಯವರು ಸುಮಾರು ೬೫,೦೦೦ ಜನರ ಸಮೀಕ್ಷೆ ನಡೆಸಿ ೧೯೯೮ ರಲ್ಲಿ ಪ್ರಕಟಿಸಿದ ವರದಿಯಂತೆ, ಸಾವಿರಕ್ಕೆ ನಾಲ್ಕೂವರೆಗಿಂತ ತುಸು ಹೆಚ್ಚು ಮಂದಿಗೆ ಮೂರ್ಛೆರೋಗವಿತ್ತು. ವೆಲ್ಲೂರು ಜಿಲ್ಲೆಯಲ್ಲಿ ಸುಮಾರು ೫೦,೦೦೦ ಜನರನ್ನು ನೋಡಿ ೨೦೦೬ ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರ್ಛೆರೋಗಿಗಳ ಪೈಕಿ ಸುಮಾರು ಮೂರರಲ್ಲೊಬ್ಬರಿಗೆ ಲಾಡಿಹುಳುವಿನ ಗುಳ್ಳೆಯೇ ಕಾರಣವೆಂದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ ಹುಳು ನೆಲಸಿರುವ ಅನೇಕ ಪ್ರದೇಶಗಳಿಗೆ ಹೆಚ್ಚುಕಡಮೆ ಇದೇ ಪ್ರಮಾಣವನ್ನು, ನೂರಕ್ಕೆ ಮೂವತ್ತನ್ನು, ಹೇಳುತ್ತದೆ. ಹಾಗೆಂದು ಎಲ್ಲ ಮೂರ್ಛೆಯನ್ನೂ ಹುಳುವಿನ ತಲೆಗೆ ಕಟ್ಟುವಂತಿಲ್ಲ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆಯೆಂಬ ವಿಚಿತ್ರ ರೋಗ ನಮ್ಮ ಕರ್ನಾಟಕದ ದಕ್ಷಿಣ ಭಾಗದಲ್ಲಿ ಹೆಚ್ಚು. ಅದನ್ನು ೧೯೬೦ ರ ದಶಕದಲ್ಲಿ ವರ್ಣಿಸಿದವರಲ್ಲಿ ಈ ಮಣಿಯವರೇ ಮುಖ್ಯರು. ‘ಯಾವಾಗ ಬಂತು?’ ಎಂಬ ಪ್ರಶ್ನೆಗೆ ‘ಸ್ನಾನದ ಮನೆಯಲ್ಲಿ’ ಎಂಬ ಉತ್ತರ ಬಂದರೆ ವೈದ್ಯನ ಯೋಚನೆ ಬೇರೆ ದಿಕ್ಕಿಗೆ ಹೊರಳಬೇಕು. ಇದೂ ಕಾಸಿಲ್ಲದ ಪರೀಕ್ಷೆಯೇ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿ.ಟಿ. ಯಂತ್ರವಿರುವುದಿಲ್ಲ. ರೋಗಿ ನಗರಕ್ಕೆ ಬರಬೇಕು, ಜೊತೆಗೊಬ್ಬರು ಬರಬೇಕು, ಇಬ್ಬರ ಕೂಲಿಯೂ ಹೋಗಬೇಕು. ಬೆರಳ ತುದಿಯ ರಕ್ತದ ಒಂದು ಹನಿಯಿಂದ ಹೊಟ್ಟೆಯ ಹುಳುವನ್ನೂ ಮಿದುಳಿನ ಗುಳ್ಳೆಯನ್ನೂ ಒಟ್ಟಿಗೆ ತಿಳಿಸಬಲ್ಲ ಕಾಗದದ ಪಟ್ಟಿಯೊಂದನ್ನು ರಚಿಸುವ ಪ್ರಯತ್ನ ನಡೆದಿರುವುದು ಇದಕ್ಕಾಗಿಯೇ. ಅಂಥದೊಂದನ್ನು ಆಫ್ರಿಕದ ಜಾಂಬಿಯ ಮತ್ತು ಟಾಂಜಾನಿಯಗಳಲ್ಲಿ ಪರೀಕ್ಷಿಸಲಾಗಿದೆ. ಜೀವಂತ ಗುಳ್ಳೆಗಳಿರುವವರನ್ನು ಆರಿಸುವುದರಲ್ಲಿ ಅದು ಭರವಸೆ ಮೂಡಿಸಿದೆ. ಹೊಟ್ಟೆಯ ಹುಳುವನ್ನು ಹಿಡಿಯುವುದರಲ್ಲಿ ಇನ್ನೂ ದುರ್ಬಲ. ಇಲ್ಲಿಯೂ ಕೈತಪ್ಪುವುದು ಆ ಎರಡನೆಯ ಪ್ರಶ್ನೆಯೇ.

ಪರೀಕ್ಷೆಯ ತೊಡಕೇಕೆ, ಊರಿಗೆಲ್ಲ ಹುಳುವಿನ ಮಾತ್ರೆ ಹಂಚಿಬಿಡೋಣವೆಂದು ಕೆಲವರು ಹೇಳಬಹುದು. ೨೦೧೫ ರಿಂದ ನಮ್ಮ ದೇಶದಲ್ಲಿ ಶಾಲೆ ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಕೊಡುವ ಕಾರ್ಯಕ್ರಮ ನಡೆದಿದೆ. ಅದು ದುಂಡುಹುಳು ಕೊಕ್ಕೆಹುಳುಗಳಿಗಾಗಿ ಏರ್ಪಟ್ಟದ್ದು. ಲಾಡಿಹುಳುವಿಗೆ ಆ ಒಂದು ಮಾತ್ರೆ ಸಾಲದು. ಇದಕ್ಕೆ ಹೇಳಿಸಿದ ಔಷಧಗಳು ಪ್ರಾಜಿಕ್ವಾಂಟೆಲ್ ಮತ್ತು ನಿಕ್ಲೋಸಮೈಡ್. ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರಿ ಮಿದುಳನ್ನೂ ಮುಟ್ಟುವುದರಿಂದ, ಅಲ್ಲಿ ಸುಮ್ಮನೆ ಕುಳಿತಿದ್ದ ಗುಳ್ಳೆಯನ್ನು ಕೊಂದು ಅದುವರೆಗೆ ಇಲ್ಲದಿದ್ದ ಮೂರ್ಛೆಯನ್ನು ಬರಿಸಬಹುದು. ನಿಕ್ಲೋಸಮೈಡ್ ಕರುಳಿನಲ್ಲಿಯೇ ಉಳಿದು ಅಲ್ಲಿಯೇ ಕೆಲಸ ಮಾಡುವುದರಿಂದ ಆ ಭಯವಿಲ್ಲ. ಮೂರ್ಛೆ ಬಂದವರಂತೂ ಮಿದುಳಿನ ಚಿತ್ರವಿಲ್ಲದೆ, ಕಣ್ಣಿನ ಪರೀಕ್ಷೆಯಿಲ್ಲದೆ ಹುಳುವಿನ ಔಷಧವನ್ನು ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು. ಕಣ್ಣಿನಲ್ಲಿರುವ ಗುಳ್ಳೆ ಸತ್ತು ಬಾವು ಎದ್ದರೆ ದೃಷ್ಟಿಯೇ ಹೋದೀತು.

ಮೊದಲು ಹೇಳಿದ ಹುಡುಗನ ಮನೆಯಲ್ಲಿ ಈಗ ಮ್ಯಾಕಾರ್ಥರನ ಕೆಲಸ ಮುಗಿದಿದೆ, ವೆಲ್ಲೂರಿನವರ ಕೆಲಸವೂ ಮುಗಿದಿದೆ. ನ್ಯೂಯಾರ್ಕಿನವರು ಮಾಡಿದ ಕೆಲಸ ಉಳಿದಿದೆ. ನಮ್ಮಲ್ಲಿ ಅದನ್ನು ಮಾಡುವುದು ಅಪರೂಪ. ಮನೆಯಲ್ಲಿರುವವರು, ಅಡಿಗೆಯವರು, ಮನೆಗೆಲಸದವರು, ಶಾಲೆಯ ಬಳಿ ತಿಂಡಿ ಮಾರುವವರು, ಹೊರಗೆ ಉಂಡು ಬರುವ ಅಣ್ಣ ಅಥವಾ ಚಿಕ್ಕಪ್ಪ, ಎಲ್ಲರೂ ಶಂಕಿತರೇ. ಇವರಲ್ಲಿ ಒಬ್ಬರನ್ನು ಮಾತ್ರ, ಬಡವರೆಂಬ ಕಾರಣಕ್ಕೆ, ಬೆರಳು ಮಾಡಿ ತೋರಿಸುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು. ಕೆಲಸದಿಂದ ಬಿಡಿಸಿದ ಅಡಿಗೆಯವಳು ಹುಳುವನ್ನು ಹೊತ್ತುಕೊಂಡು ಇನ್ನೊಂದು ಮನೆಗೆ ಹೋಗುತ್ತಾಳೆ. ಔಷಧ ಪಡೆದವಳು ಅಲ್ಲಿಯೇ ನಿರಪಾಯವಾಗಿ ಅಡಿಗೆ ಮಾಡಿಕೊಂಡಿರುತ್ತಾಳೆ. ಆದುದರಿಂದ ಡಬ್ಬಿಗಳನ್ನು ಕೊಡುವಾಗ ಯಜಮಾನನಿಗೂ ಒಂದನ್ನು ಕೊಡಬೇಕು.

ನಾಚಿಕೆಯ ಮಾತು ರೋಗಿಯ ವಿಷಯದಲ್ಲಿಯೂ ಬರುತ್ತದೆ. ಮೂರ್ಛೆ ಬಿದ್ದವನ ಕೈಗೆ ಕಬ್ಬಿಣದ ಬೀಗದಕೈ ಹಿಡಿಸಿ, ಎದ್ದ ಮೇಲೆ ವಿಷಯವನ್ನೇ ಮುಚ್ಚಿಡುವುದು ನಮ್ಮಲ್ಲಿ ರೂಢಿ. ಹೆಣ್ಣುಮಗುವಾದರಂತೂ ಇನ್ನೂ ಬಿಗಿಯಾಗಿ ಮುಚ್ಚಿಡುತ್ತಾರೆ. ೧೯೯೯ ರವರೆಗೂ ವಿವಾಹದ ಕಾನೂನಿನಲ್ಲಿ ಅಪಸ್ಮಾರ ಮದುವೆಯನ್ನು ರದ್ದುಗೊಳಿಸಲು ಒಂದು ಕಾರಣವಾಗಿತ್ತು; ಆ ವರ್ಷದ ತಿದ್ದುಪಡಿಯಿಂದ ಆ ಮಾತು ಹೋಯಿತು. ಒಂಟಿ ಗುಳ್ಳೆಯವರಲ್ಲಿ ಅನೇಕರಿಗೆ ಗುರುತು ಕರಗಿ, ಔಷಧವನ್ನು ಕ್ರಮವಾಗಿ ನಿಲ್ಲಿಸಿದ ಮೇಲೆ ಮೂರ್ಛೆ ಮರಳುವುದೇ ಇಲ್ಲ. ‘ಜನ್ಮದ ರೋಗ’ವೆಂಬ ಹಣೆಪಟ್ಟಿಗೂ ‘ಹುಳುವಿನ ಗುಳ್ಳೆ, ಒಣಗಿತು’ ಎಂಬ ನಿದಾನಕ್ಕೂ ಇರುವ ಅಂತರ ಒಬ್ಬ ಹುಡುಗಿಯ ಬಾಳಿನಲ್ಲಿ ಎಷ್ಟೆಂಬುದನ್ನು ಅವಳ ತಾಯಿಯನ್ನು ಕೇಳಬೇಕು.

ಮನೆಯವರಲ್ಲಿ ಒಬ್ಬರ ಮಲದಲ್ಲಿ ಟೀನಿಯದ ಮೊಟ್ಟೆ ಸಿಕ್ಕಿದರೆ ಅದು ಯಾವ ಜಾತಿಯದೆಂದು ಕಾಯುತ್ತ ಕೂರಬೇಕಾದುದಿಲ್ಲ. ವೈದ್ಯರ ಸಲಹೆಯಂತೆ ಔಷಧ ಕೊಟ್ಟುಬಿಡಬೇಕು. ವಯಸ್ಕರಿಗೆ ನಿಕ್ಲೋಸಮೈಡಿನ ಪ್ರಮಾಣ ಒಂದೇ ಸಲಕ್ಕೆ ಎರಡು ಗ್ರಾಮು. ಔಷಧದ ಮೇಲೆ ಬಂದ ಮಲವನ್ನು ನೀರಿನಲ್ಲಿ ಕದಡಿ, ಜರಡಿಯಲ್ಲಿ ಸೋಸಿ ಹುಳುವಿನ ತಲೆಯನ್ನು ಹುಡುಕುವುದು ಹಳೆಯ ಪದ್ಧತಿ. ತಲೆ ಸಿಕ್ಕಿದರೆ ಕೊಕ್ಕೆಗಳಿವೆಯೇ ಎಂದು ನೋಡಿ ಜಾತಿಯನ್ನೂ ಹೇಳಬಹುದು. ಆದರೆ ಈಗಿನ ಔಷಧಗಳಿಂದ ಹುಳು ಒಳಗೇ ಕರಗಿ ಬರುವುದರಿಂದ ತಲೆ ಅನೇಕ ವೇಳೆ ಸಿಕ್ಕುವುದಿಲ್ಲ. ತಲೆಯೊಂದು ಉಳಿದರೂ ಹುಳು ಮತ್ತೆ ಬೆಳೆದು ಎರಡು ಮೂರು ತಿಂಗಳಲ್ಲಿ ತುಂಡುಗಳನ್ನು ಉದುರಿಸತೊಡಗುತ್ತದೆ. ಆದ್ದರಿಂದ ಮೂರು ತಿಂಗಳು ಕಳೆದ ಮೇಲೆ ಅದೇ ಮನೆಯವರಿಂದ ಮತ್ತೊಮ್ಮೆ, ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ತರಿಸಿ ನೋಡಬೇಕು.